ಪರದೆಯ ಮೇಲಿನ ಸೇಡು, ಸಭಾಂಗಣದ ಸಿಳ್ಳೆ

ಹೊಡೆದಾಟದ ಸಿನಿಮಾ ನೋಡುವುದು ತಪ್ಪೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಸಿನಿಮಾ ಎಂಬುದೇ ತಪ್ಪು, ಅದರಲ್ಲಿ ಹೊಡೆದಾಟವಾದರೇನು, ಕುಣಿತವಾದರೇನು ಎನ್ನುವುದು ಒಂದು. ಅದು ಬರೀ ಸಿನಿಮಾ, ಮೂರು ತಾಸು ನೋಡಿ ಮರೆತುಬಿಡುವಂಥದ್ದು, ಅದಕ್ಕೇಕೆ ಇಷ್ಟು ತಲೆಬಿಸಿ ಎನ್ನುವುದು ಇನ್ನೊಂದು. ಮೊದಲ ಉತ್ತರ ಹೇಳಿದವರ ಮಕ್ಕಳೂ ಸಿನಿಮಾ ನೋಡುತ್ತಲೇ ಇದ್ದಾರೆ. ಎರಡನೆಯ ಉತ್ತರ ಹೇಳಿದವರು ತಾವು ನೋಡಿದ್ದನ್ನು ಮರೆತಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಫೈಟಿಂಗ್ ದೃಶ್ಯವನ್ನು ಈಗಲೂ ಚಹಾದಂಗಡಿಯಲ್ಲಿ ಅಭಿನಯಿಸಿ ತೋರಿಸುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಬೇಕು. ಪರದೆಯ ಮೇಲೆ ಒಬ್ಬ ಮನುಷ್ಯ ಸಾಯುವಾಗ ನಾವು ಸಿಳ್ಳೆ ಹಾಕುತ್ತೇವಲ್ಲ, ಆ ಸಿಳ್ಳೆಯಲ್ಲಿ ನಾವು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆ?

ಈ ಪ್ರಶ್ನೆ ಏಳುವುದಕ್ಕೆ ಬೇಸಿಗೆ ರಜೆಗಿಂತ ಸರಿಯಾದ ಕಾಲ ಬೇರೆ ಇಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಶಾಲೆಗಳಿಗೆ ಬಿಡುವು. ಕಲಬುರಗಿ ಸೀಮೆಯ ಬಿಸಿಲು ಎಂಥದ್ದೆಂದರೆ ಆ ಎರಡು ತಿಂಗಳು ಸರಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ತೊಗರಿಯ ಸುಗ್ಗಿ ಎಂದೋ ಮುಗಿದಿರುತ್ತದೆ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಊರಿಗೆ ಬಂದಿರುತ್ತಾರೆ. ದತ್ತಾತ್ರೇಯನ ದರ್ಶನಕ್ಕೆ ಬಂದವರು ಚೌಡಾಪುರದಲ್ಲಿ ತಿರುಗಿ ಗಾಣಗಾಪುರದ ದಾರಿ ಹಿಡಿದರೆ, ಊರಿನ ಹುಡುಗರು ಎದುರು ದಿಕ್ಕಿನ ಬಸ್ಸು ಹತ್ತಿ ಕಲಬುರಗಿಯ ಟಾಕೀಸಿಗೆ ಹೋಗುತ್ತಾರೆ. ತಂಪು ಸಭಾಂಗಣ, ದೊಡ್ಡ ಪರದೆ, ಎದೆಗೆ ಬಡಿಯುವ ಸದ್ದು. ಮನೆಯಲ್ಲಿ ದಖನಿ ಮಾತನಾಡುವವನೂ ಕನ್ನಡ ಮಾತನಾಡುವವನೂ ಅಕ್ಕಪಕ್ಕ ಕುಳಿತು ಒಂದೇ ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಾತಿ ಧರ್ಮ ಕೇಳದೆ ಜನ ಒಟ್ಟಿಗೆ ಕೂರುವ ಜಾಗಗಳು ನಮ್ಮಲ್ಲಿ ಕಡಿಮೆಯಾಗುತ್ತಿವೆ. ಹಾಗಿರುವಾಗ ಆ ಒಟ್ಟು ಚಪ್ಪಾಳೆ ಯಾವುದಕ್ಕೆ ಎಂದು ನೋಡುವ ಅಗತ್ಯ ಇನ್ನೂ ಹೆಚ್ಚು.

ಬೇಸಿಗೆಯಲ್ಲೇ ತೆರೆಕಂಡ ಕೆಲವು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡೋಣ. 1973ರ ಮೇ 11ರಂದು ‘ಜಂಜೀರ್’ ಬಂತು. ಸಲೀಂ-ಜಾವೇದ್ ಬರೆದ ಕಥೆ. ಪ್ರಾಮಾಣಿಕ ಇನ್‌ಸ್ಪೆಕ್ಟರ್ ಒಬ್ಬನ ಮೇಲೆ ಲಂಚದ ಸುಳ್ಳು ಆರೋಪ ಬರುತ್ತದೆ, ಅವನು ಜೈಲಿಗೆ ಹೋಗುತ್ತಾನೆ, ಹೊರಬಂದ ಮೇಲೆ ಸಮವಸ್ತ್ರವಿಲ್ಲದೆಯೇ ತನ್ನ ತಂದೆ ತಾಯಿಯನ್ನು ಕೊಂದವನನ್ನು ಎದುರಿಸುತ್ತಾನೆ. ಕಾನೂನು ಸೋತ ಜಾಗದಲ್ಲಿ ಮನುಷ್ಯನ ಸಿಟ್ಟು ನಿಲ್ಲುತ್ತದೆ ಎಂಬುದು ಅದರ ಸಾರ. ಅದರಲ್ಲಿ ಶೇರ್ ಖಾನ್ ಎಂಬ ಪಠಾಣ ಇದ್ದಾನೆ. ಜೂಜಿನ ಅಡ್ಡೆ ನಡೆಸುತ್ತಿದ್ದವನು ಬದಲಾಗಿ, ನಾಯಕನ ಗೆಳೆಯನಾಗಿ ಕೊನೆಯವರೆಗೂ ಜೊತೆಗಿರುತ್ತಾನೆ. ಆ ಕಾಲದ ಚಿತ್ರದಲ್ಲಿ ದಾರಿ ತಪ್ಪಿದವನು ಮರಳಿ ಬರುವುದಕ್ಕೆ ಇನ್ನೂ ಜಾಗವಿತ್ತು ಎಂಬುದನ್ನು ನೆನಪಿಡಬೇಕು.

1995ರ ಮೇ 19ರಂದು ಉಪೇಂದ್ರ ನಿರ್ದೇಶನದ ‘ಓಂ’ ಬಂತು. ಪುರೋಹಿತರ ಮಗ ರೌಡಿಯಾಗುವ ಕಥೆ. ಬೆಂಗಳೂರಿನ ಭೂಗತ ಲೋಕದ ಕೆಲವರು ಸ್ವತಃ ಪರದೆಯ ಮೇಲೆ ಕಾಣಿಸಿಕೊಂಡರು. ಮತ್ತೆ ಮತ್ತೆ ಬಿಡುಗಡೆಯಾಗಿ ದಾಖಲೆಯನ್ನೇ ಮಾಡಿದ ಚಿತ್ರ ಅದು. ಚಿತ್ರದ ನೀತಿ ರೌಡಿತನದ ವಿರುದ್ಧವೇ ಇದೆ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮ ಹುಡುಗರ ಕಣ್ಣಿನಲ್ಲಿ ಉಳಿದದ್ದು ನೀತಿಯಲ್ಲ, ಮಚ್ಚು. ಕನ್ನಡ ಚಿತ್ರರಂಗ ಅದರ ನಂತರ ಹಲವು ವರ್ಷ ಮಚ್ಚನ್ನು ಕೆಳಗಿಡಲೇ ಇಲ್ಲ.

1999ರ ಏಪ್ರಿಲ್ 30ರಂದು ‘ಸರ್ಫರೋಶ್’ ಬಂತು. ಅದರಲ್ಲಿ ಸಲೀಂ ಎಂಬ ಪೊಲೀಸ್ ಅಧಿಕಾರಿ ಇದ್ದಾನೆ. ತನ್ನ ಹೆಸರಿನ ಕಾರಣಕ್ಕೆ ತನ್ನ ನಿಷ್ಠೆಯನ್ನು ಅನುಮಾನಿಸುತ್ತಾರೆ ಎಂಬ ಅವನ ನೋವಿಗೆ ಚಿತ್ರ ಜಾಗ ಕೊಡುತ್ತದೆ. ಅಷ್ಟರ ಮಟ್ಟಿಗೆ ಅದು ನಂತರ ಬಂದ ಹಲವು ಚಿತ್ರಗಳಿಗಿಂತ ಮೇಲು. ಆದರೂ ಸಲೀಂ ಆ ಅನುಮಾನದಿಂದ ಹೊರಬರುವುದು ತನ್ನನ್ನು ಸಾಬೀತು ಮಾಡಿಕೊಂಡ ಮೇಲೆಯೇ. ಬೇರೆ ಯಾವ ಪಾತ್ರಕ್ಕೂ ಆ ಪರೀಕ್ಷೆ ಇಲ್ಲ.

2012ರ ಏಪ್ರಿಲ್‌ನಲ್ಲಿ ಓಂ ಪ್ರಕಾಶ್ ರಾವ್ ನಿರ್ದೇಶಿಸಿ, ದುನಿಯಾ ವಿಜಯ್ ನಟಿಸಿದ ‘ಭೀಮಾ ತೀರದಲ್ಲಿ’ ಬಂತು. ಇದು ನಮ್ಮದೇ ನದಿಯ ಹೆಸರು ಹೊತ್ತ ಚಿತ್ರ. ಭೀಮೆ ಅಫಜಲಪುರ ತಾಲ್ಲೂಕಿನಲ್ಲಿ ಹರಿದು ಗಾಣಗಾಪುರದ ಬಳಿ ಅಮರ್ಜೆಯನ್ನು ಕೂಡಿಕೊಳ್ಳುತ್ತದೆ. ಅದರ ದಂಡೆಯಲ್ಲಿ ಜೋಳ, ತೊಗರಿ, ಕಬ್ಬು ಬೆಳೆಯುವ ಲಕ್ಷಾಂತರ ಜನರಿದ್ದಾರೆ. ಆದರೆ ಪತ್ರಿಕೆ, ಪುಸ್ತಕ, ಸಿನಿಮಾ ಎಲ್ಲ ಸೇರಿ ಆ ನದಿಯ ಹೆಸರಿಗೆ ‘ಹಂತಕರು’ ಎಂಬ ಪದವನ್ನು ಗಂಟು ಹಾಕಿದವು. ಈ ಕಡೆಯ ಹುಡುಗ ದೂರದ ಊರಿನಲ್ಲಿ ಊರು ಹೇಳಿದರೆ ಕೇಳಿದವರು ನಗುತ್ತಾ ಕೊರಳ ಮೇಲೆ ಕೈ ಆಡಿಸಿ ತೋರಿಸುತ್ತಾರೆ. ಪರದೆಯ ಮೇಲಿನ ಹಿಂಸೆಗೆ ಬೆಲೆ ತೆರುವವರಲ್ಲಿ ಇವರೂ ಇದ್ದಾರೆ. ತಮಾಷೆ ಏನೆಂದರೆ ಅದೇ ಚಿತ್ರಕ್ಕೆ ಈ ಕಡೆಯವರೂ ಸಿಳ್ಳೆ ಹಾಕಿದ್ದಾರೆ. ನಮ್ಮ ನದಿಯ ಹೆಸರು ದೊಡ್ಡ ಅಕ್ಷರದಲ್ಲಿ ಬಂತಲ್ಲ ಎಂಬ ಹೆಮ್ಮೆ!

2022ರ ಏಪ್ರಿಲ್ 14ರಂದು ‘ಕೆಜಿಎಫ್’ ಚಿತ್ರದ ಎರಡನೆಯ ಭಾಗ ಬಂದು ದೇಶವನ್ನೇ ಕುಣಿಸಿತು. ಕನ್ನಡದ ಚಿತ್ರವೊಂದು ಅಷ್ಟು ದೂರ ಹೋದದ್ದು ಸಂತೋಷದ ಸಂಗತಿಯೇ. ಆದರೆ ನಿಜವಾದ ಕೋಲಾರದ ಗಣಿಗಳ ಚರಿತ್ರೆ ಬೇರೆ. ನೂರಕ್ಕೂ ಹೆಚ್ಚು ವರ್ಷ ನೆಲದಾಳಕ್ಕೆ ಇಳಿದ ದಲಿತ ಕಾರ್ಮಿಕರು, ಅವರ ಸಂಘಗಳು, ಮುಷ್ಕರಗಳು, ಕೊನೆಗೆ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದ ಮನೆಗಳು. ಚಿತ್ರದಲ್ಲಿ ಆ ಜನ ಒಬ್ಬ ಬಂದೂಕುಧಾರಿ ಉದ್ಧಾರಕನಿಗಾಗಿ ಕಾಯುವ ಗುಂಪು. ಗುಂಪು ತಾನೇ ಏನನ್ನಾದರೂ ಮಾಡಬಲ್ಲದು ಎಂಬ ಯೋಚನೆ ಹೊಡೆದಾಟದ ಸಿನಿಮಾಕ್ಕೆ ಒಗ್ಗುವುದಿಲ್ಲ.

ಅದೇ ಏಪ್ರಿಲ್‌ನಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿಯ ಚಿತ್ರಮಂದಿರದಲ್ಲಿ ಈ ಚಿತ್ರ ಓಡುತ್ತಿದ್ದಾಗ, ಮುಂದಿನ ಕುರ್ಚಿಗೆ ಕಾಲು ತಾಗಿದ ಜಗಳದಲ್ಲಿ ಒಬ್ಬ ಇನ್ನೊಬ್ಬನ ಮೇಲೆ ನಿಜವಾದ ಗುಂಡು ಹಾರಿಸಿದ. ಯುವಕ ಗಾಯಗೊಂಡು ಆಸ್ಪತ್ರೆ ಸೇರಿದ. ಸಿನಿಮಾ ನೋಡಿಯೇ ಹೀಗಾಯಿತು ಎಂದು ಹೇಳುವುದು ಅವಸರದ ಮಾತು. ಕೋಟಿಗಟ್ಟಲೆ ಜನ ಆ ಚಿತ್ರ ನೋಡಿ ತಣ್ಣಗೆ ಮನೆಗೆ ಹೋಗಿದ್ದಾರೆ. ಬಂದೂಕು ಅವನ ಬಳಿಗೆ ಪರದೆಯಿಂದ ಬರಲಿಲ್ಲ. ಸಿನಿಮಾ ನಮ್ಮನ್ನು ಕೊಲೆಗಾರರನ್ನಾಗಿ ಮಾಡುತ್ತದೆ ಎಂಬ ಭಯ ನನಗಿಲ್ಲ. ಅದು ನಮ್ಮನ್ನು ಎಂಥ ಪ್ರೇಕ್ಷಕರನ್ನಾಗಿ ಮಾಡುತ್ತದೆ ಎಂಬುದೇ ನನ್ನ ಚಿಂತೆ.

2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದು ಕೊಲೆಯಾಯಿತು. ದೇಶಕ್ಕೆ ದೇಶವೇ ಕುದಿಯಿತು, ಕುದಿಯಬೇಕಾದದ್ದೇ. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಜನ ಪೊಲೀಸರ ಮೇಲೆ ಹೂವು ಎರಚಿದರು, ಸಿಹಿ ಹಂಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು, ಹತ್ತು ಮಂದಿ ಪೊಲೀಸರ ಮೇಲೆ ಕೊಲೆಯ ವಿಚಾರಣೆ ನಡೆಯಬೇಕು ಎಂದು ಆಯೋಗ ಹೇಳಿತು. ಆ ನಾಲ್ವರೇ ಅಪರಾಧಿಗಳಾಗಿದ್ದರೋ ಎಂಬುದನ್ನು ಯಾವ ನ್ಯಾಯಾಲಯವೂ ಸಾಕ್ಷ್ಯ ಕೇಳಿ ತೀರ್ಮಾನಿಸಲಿಲ್ಲ. ಹೂವು ಎರಚಿದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಖಳ ಯಾರು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಸಿನಿಮಾದಲ್ಲಿ ಗೊತ್ತಿರುವ ಹಾಗೆ.

ಹೊಡೆದಾಟದ ಸಿನಿಮಾ ನಮಗೆ ಕಲಿಸುವ ಮುಖ್ಯ ಪಾಠ ಇದೇ. ಹೊಡೆಯುವ ವಿದ್ಯೆಯನ್ನು ಅದು ಕಲಿಸುವುದಿಲ್ಲ. ಅನುಮಾನವಿಲ್ಲದೆ ತೀರ್ಪು ಕೊಡುವ ಅಭ್ಯಾಸವನ್ನು ಕಲಿಸುತ್ತದೆ. ನಿರ್ದೇಶಕ ಅಪರಾಧವನ್ನು ನಮ್ಮ ಕಣ್ಣೆದುರೇ ತೋರಿಸಿರುತ್ತಾನೆ, ಆದ್ದರಿಂದ ಸಾಕ್ಷಿ ಬೇಡ. ನ್ಯಾಯಾಧೀಶ ಮಾರಿಕೊಂಡಿರುತ್ತಾನೆ, ಆದ್ದರಿಂದ ಕೋರ್ಟು ಬೇಡ. ಖಳನ ಹಿಂಬಾಲಕರಿಗೆ ಹೆಸರೇ ಇರುವುದಿಲ್ಲ, ಆದ್ದರಿಂದ ದುಃಖ ಬೇಡ. ಮೂವತ್ತು ನಲವತ್ತು ಜನ ಎರಡು ನಿಮಿಷದಲ್ಲಿ ಸಾಯುತ್ತಾರೆ. ಅವರಿಗೆ ತಾಯಿ ಇಲ್ಲ, ಮಕ್ಕಳಿಲ್ಲ, ಕೂಲಿಗೆ ಆ ಕೆಲಸಕ್ಕೆ ಸೇರಿದ ಕಾರಣವಿಲ್ಲ. ಜಗತ್ತಿನಲ್ಲಿ ಕೆಲವರ ಸಾವು ಲೆಕ್ಕಕ್ಕಿಲ್ಲ ಎಂಬ ಈ ವ್ಯವಸ್ಥೆಯನ್ನು ಒಪ್ಪಿದ ಮೇಲೆಯೇ ನಮ್ಮ ಮೋಜು ಶುರುವಾಗುತ್ತದೆ.

ಮುಸ್ಲಿಮ್ ಪ್ರೇಕ್ಷಕನಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಟೋಪಿ, ಗಡ್ಡ, ಸುರ್ಮಾ ಇಟ್ಟುಕೊಂಡ ಖಳರನ್ನು ಕಂಡು ಕಂಡು ಅವನು ಬೇಸತ್ತಿದ್ದಾನೆ. ಇದರ ವಿರುದ್ಧ ನಾವು ಬರೆದಿದ್ದೇವೆ, ಬರೆಯಬೇಕಾದದ್ದು ನ್ಯಾಯವೇ. ಆದರೆ ನಮ್ಮ ಹೆಸರಿನವನು ಖಳನಾದಾಗ ಮಾತ್ರ ನಮಗೆ ನೋವಾಗುತ್ತದೆ ಎಂದಾದರೆ ನಾವು ಕೇಳುತ್ತಿರುವುದು ನ್ಯಾಯವನ್ನಲ್ಲ, ಖಳನ ಪಾತ್ರದಿಂದ ವಿನಾಯಿತಿಯನ್ನು. ಆ ಜಾಗದಲ್ಲಿ ಬಿಹಾರಿ ಕೂಲಿಯನ್ನೋ, ಕೊಳೆಗೇರಿಯ ಹುಡುಗನನ್ನೋ, ಭೀಮಾ ತೀರದವನನ್ನೋ ನಿಲ್ಲಿಸಿದರೆ ನಾವೂ ಸಿಳ್ಳೆ ಹಾಕುತ್ತೇವೆಯೇ? ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಕದಲಿಸದಿರಲಿ ಎಂಬರ್ಥದ ಕುರ್‌ಆನಿನ ಆದೇಶ ನಮ್ಮ ಮೇಲೆ ಅನ್ಯಾಯವಾದಾಗಿನ ಮಾತಷ್ಟೇ ಅಲ್ಲ. ನಾವು ಯಾರನ್ನು ಇಷ್ಟಪಡುವುದಿಲ್ಲವೋ ಅವರ ವಿಷಯದಲ್ಲಿಯೇ ಅದು ನಮ್ಮನ್ನು ಪರೀಕ್ಷಿಸುತ್ತದೆ. ಕೊಲೆಯಾದವನ ವಾರಸುದಾರನಿಗೆ ಹಕ್ಕನ್ನು ಕೊಟ್ಟ ಜಾಗದಲ್ಲಿಯೇ ಕುರ್‌ಆನ್ ಮಿತಿ ಮೀರಕೂಡದೆಂದು ಗೆರೆ ಎಳೆಯುತ್ತದೆ. ಸೇಡಿನ ಸಿನಿಮಾ ಶುರುವಾಗುವುದೇ ಆ ಗೆರೆಯ ಆಚೆಗೆ.

ಹಾಗಾದರೆ ಹಿಂಸೆಯ ಕಥೆಗಳನ್ನೇ ಹೇಳಬಾರದೇ? ಹಾಗೆ ಹೇಳಿದರೆ ನಮ್ಮ ಪರಂಪರೆಯ ಅರ್ಧದಷ್ಟನ್ನು ಬಿಟ್ಟುಬಿಡಬೇಕಾಗುತ್ತದೆ. ಕಲಬುರಗಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಸೇರಿ ರಿವಾಯತ್ ಹಾಡುತ್ತಾರೆ. ಆ ಆಚರಣೆಗಳ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಆದರೆ ಅಲ್ಲಿ ಹಾಡಾಗುವ ಕರ್ಬಲಾ ಕೂಡ ಕತ್ತಿ, ಕುದುರೆ, ರಕ್ತದ ಕಥೆಯೇ. ಹಿಜರಿ 61ರ ಮೊಹರಂ ಹತ್ತರಂದು ಬೆರಳೆಣಿಕೆಯ ಸಂಗಾತಿಗಳೊಂದಿಗೆ ಇಮಾಮ್ ಹುಸೈನರು ದೊಡ್ಡ ಸೈನ್ಯದೆದುರು ನಿಂತು ಹುತಾತ್ಮರಾದರು. ನಮ್ಮ ರೈತ ಅದನ್ನು ಕೇಳಿ ಸಿಳ್ಳೆ ಹಾಕುವುದಿಲ್ಲ, ಕಣ್ಣೊರೆಸಿಕೊಳ್ಳುತ್ತಾನೆ. ಸೋತವನೇ ಅಲ್ಲಿ ದೊಡ್ಡವನು. ಅದಕ್ಕಿಂತ ಮುಖ್ಯವಾದ ಮಾತೆಂದರೆ ಎದುರು ಪಾಳೆಯದಲ್ಲಿ ಹುರ್ ಎಂಬ ಸೇನಾನಿ ಇದ್ದ. ಹುಸೈನರ ದಾರಿಯನ್ನು ಮೊದಲು ತಡೆದವನೇ ಅವನು. ಕೊನೆಯ ದಿನ ಮನಸ್ಸು ಬದಲಿಸಿ ಈಚೆಗೆ ಬಂದು ಹುಸೈನರ ಪರವಾಗಿಯೇ ಪ್ರಾಣ ಕೊಟ್ಟ. ಇಂದಿನ ಸಿನಿಮಾದಲ್ಲಿ ಹುರ್‌ನಿಗೆ ಜಾಗವಿಲ್ಲ. ಎದುರು ಗುಂಪಿನವನು ಯೋಚಿಸುವ ಮೊದಲೇ ಸತ್ತಿರುತ್ತಾನೆ.

ಕನ್ನಡದ ಕವಿಗಳೂ ಹೀಗೇ ನಡೆದಿದ್ದಾರೆ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ಭೀಮನೇ ನಾಯಕ. ಆದರೂ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದುಶ್ಶಾಸನನಿಗಾಗಿ, ಕರ್ಣನಿಗಾಗಿ ಅಳುವ ದುರ್ಯೋಧನನನ್ನು ಓದಿದವರು ಮರೆಯುವುದಿಲ್ಲ. ಖಳನ ಅಳುವನ್ನು ಕೇಳಿಸಿದ್ದರಿಂದ ರನ್ನನ ಭೀಮ ಚಿಕ್ಕವನಾಗಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಬಾಳಿನಲ್ಲಿಯೂ ಇಂಥದೊಂದು ಗಳಿಗೆ ಇದೆ. ಉಹುದ್ ಯುದ್ಧದಲ್ಲಿ ಅವರ ಚಿಕ್ಕಪ್ಪ ಹಮ್ಝಾರನ್ನು ಭರ್ಜಿ ಎಸೆದು ಕೊಂದವನು ವಹ್ಶಿ. ವರ್ಷಗಳ ನಂತರ, ಗೆಲುವು ಪೂರ್ತಿ ಪ್ರವಾದಿಯವರದಾಗಿದ್ದಾಗ, ಅವನು ಇಸ್ಲಾಮ್ ಸ್ವೀಕರಿಸಿ ಎದುರು ಬಂದು ನಿಂತ. ಪ್ರವಾದಿಯವರು ಸೇಡು ತೀರಿಸಲಿಲ್ಲ; ತನ್ನ ಕಣ್ಣೆದುರು ಬಾರದಿರಲು ಆದೀತೇ ಎಂದಷ್ಟೇ ಕೇಳಿದರು. ದುಃಖ ಹಾಗೆಯೇ ಇತ್ತು, ಸೇಡು ಮಾತ್ರ ಇರಲಿಲ್ಲ. ಕ್ಷಮೆ ಎಂದರೆ ನೋವೇ ಇಲ್ಲದ ಸಂತನ ಕೆಲಸವೆಂದು ತಿಳಿದವರಿಗೆ ಈ ಪ್ರಸಂಗ ಉತ್ತರ.

ಒಂದು ಆಕ್ಷೇಪಣೆಗೆ ಕಿವಿಗೊಡಲೇಬೇಕು. ಸಿಳ್ಳೆ ಹಾಕುವವನು ಯಾರು? ಕಚೇರಿಯಿಂದ ಕಚೇರಿಗೆ ಅಲೆದವನು, ಕೂಲಿ ಬಾಕಿ ಉಳಿದವನು, ಠಾಣೆಯಲ್ಲಿ ಬೈಗುಳ ತಿಂದವನು. ಅವನ ಕೇಸು ಹತ್ತು ವರ್ಷದಿಂದ ಕೋರ್ಟಿನಲ್ಲಿದೆ. ದರ್ಪದವನೊಬ್ಬ ನೆಲಕ್ಕೆ ಬೀಳುವುದನ್ನು ಪರದೆಯ ಮೇಲಾದರೂ ಅವನು ನೋಡಬಾರದೇ? ನೋಡಲಿ. ಅವನ ಸಿಟ್ಟು ಸುಳ್ಳಲ್ಲ. ದರ್ಪ ಮುರಿದಾಗ ಆಗುವ ಸಂತೋಷದಲ್ಲಿ ತಪ್ಪೂ ಇಲ್ಲ. ಆದರೆ ಆ ಸಿಟ್ಟನ್ನು ಎರವಲು ಪಡೆದು ಸಿನಿಮಾ ಅವನಿಗೆ ಏನನ್ನು ಹಿಂದಿರುಗಿಸುತ್ತದೆ? ಕೇಸು ಹಾಗೆಯೇ ಇರುತ್ತದೆ, ಕೂಲಿ ಬಾಕಿಯೇ ಇರುತ್ತದೆ. ಕಾನೂನನ್ನು ಬದಿಗಿಡಬಲ್ಲ ಬಲಶಾಲಿಯೇ ನಿನ್ನ ರಕ್ಷಕ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿರುತ್ತದೆ. ಕಾನೂನನ್ನು ಬದಿಗಿಡಬಲ್ಲ ಬಲಶಾಲಿ ನಿಜಜೀವನದಲ್ಲಿ ಬಡವನ ಪರವಾಗಿ ನಿಂತದ್ದು ಎಷ್ಟು ಸಲ? ಅವನ ಗುಂಡಿಗೆ ಮೊದಲು ಸಿಗುವವನು, ಸಭಾಂಗಣದ ಮುಂದಿನ ಸಾಲಿನಲ್ಲಿ ಕುಳಿತು ಸಿಳ್ಳೆ ಹಾಕಿದವನ ಅಣ್ಣನೋ ತಮ್ಮನೋ ಆಗಿರುತ್ತಾನೆ.

ಆದ್ದರಿಂದ ಮಕ್ಕಳನ್ನು ಸಿನಿಮಾದಿಂದ ತಡೆಯುವ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ. ಚಿತ್ರಮಂದಿರ ತಪ್ಪಿಸಿದರೆ ಅಂಗೈಯಲ್ಲೇ ಅದು ಬರುತ್ತದೆ. ಜೊತೆಯಲ್ಲಿ ಕುಳಿತು ನೋಡಿ, ಬಸ್ಸಿನಲ್ಲಿ ಮರಳುವಾಗ ಒಂದೆರಡು ಪ್ರಶ್ನೆ ಕೇಳಬಹುದು. ಕೊನೆಯ ಹೊಡೆದಾಟದಲ್ಲಿ ಎಷ್ಟು ಜನ ಸತ್ತರು? ಅವರಲ್ಲಿ ಒಬ್ಬನ ಹೆಸರಾದರೂ ನೆನಪಿದೆಯೇ? ಅವನ ಮನೆಗೆ ಸುದ್ದಿ ಮುಟ್ಟಿಸಲು ಯಾರು ಹೋಗಿರಬಹುದು? ಹುಡುಗರು ಮೊದಲು ನಗುತ್ತಾರೆ, ನಗಲಿ. ಆಮೇಲೆ ಅವರಲ್ಲೊಬ್ಬ ಉತ್ತರ ಯೋಚಿಸತೊಡಗಿದರೆ, ಮುಂದೊಂದು ದಿನ ಬೀದಿಯಲ್ಲಿ ಯಾರನ್ನೋ ಕಟ್ಟಿಹಾಕಿ ಹೊಡೆಯುತ್ತಿರುವ ಗುಂಪನ್ನು ಕಂಡಾಗ, ಅವನು ಕೈಯಲ್ಲಿ ಮೊಬೈಲು ಹಿಡಿದು ನೋಡುತ್ತ ನಿಲ್ಲದೆ ಏನಾಯಿತೆಂದು ವಿಚಾರಿಸುವವನಾಗಬಹುದು.