ಎದುರಾಳಿಯ ಸಾಕ್ಷಿ



ತಿಕೋಟಾ, ಬಬಲೇಶ್ವರ ಕಡೆಯಿಂದ ಕೆಲಸದ ನಿಮಿತ್ತ ವಿಜಯಪುರಕ್ಕೆ ಬರುವ ನಮ್ಮ ಜನರಲ್ಲಿ ಅನೇಕರು ಗೋಳಗುಮ್ಮಟವನ್ನು ಹತ್ತಿರುವರು. ಅಲ್ಲಿ ಮೇಲಿನ ಸುತ್ತುಪಡಸಾಲೆಯಲ್ಲಿ ಒಬ್ಬನು ಗೋಡೆಗೆ ಬಾಯಿ ಸೇರಿಸಿ ಮೆಲ್ಲಗೆ ಆಡಿದ ಮಾತು ಎದುರು ಗೋಡೆಯ ಬಳಿ ನಿಂತವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ನಾಡಿನ ಒಬ್ಬ ವೈಮಾನಿಕನ ಸಂಗತಿಯೂ ಹೀಗೆಯೇ ಎದುರು ಕಡೆಯಿಂದ ನಮಗೆ ಕೇಳಿಬಂದಿತು.

ಅವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು. 1965ನೆಯ ಇಸವಿ ಸೆಪ್ಟೆಂಬರ್ 7ರಂದು ಭಾರತದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟವು. ಆ 12 ವಿಮಾನಗಳಲ್ಲಿ ಯಾವುದಾದರೂ ಹಿಂಜರಿದರೆ ಮಾತ್ರ ಬದಲಿಗೆ ಸೇರತಕ್ಕವರೆಂದು ದೇವಯ್ಯನವರನ್ನು ನೇಮಿಸಿದ್ದರು. ಹೀಗೆ ಬದಲಿಯಾಗಿ ಹೋದವರನ್ನು ವೈರಿಯ ಸ್ಟಾರ್‌ಫೈಟರ್ ವಿಮಾನವು ಬೆನ್ನಟ್ಟಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹಾರಬಲ್ಲದು. ಇವರ ವಿಮಾನಕ್ಕೆ ಅದರ ಅರ್ಧ ವೇಗವೂ ಇರಲಿಲ್ಲ. ಆದರೂ ಅವರು ತಿರುಗಿ ನಿಂತು ಕಾದಾಡಿದರು. ವೈರಿಯ ವಿಮಾನವು ಬಿತ್ತು. ಅದನ್ನು ನಡಿಸುತ್ತಿದ್ದ ಅಮ್ಜದ್ ಹುಸೇನರು ಹೊರಕ್ಕೆ ಹಾರಿ ಬದುಕಿದರು. ದೇವಯ್ಯನವರೋ ತಿರುಗಿ ಬರಲಿಲ್ಲ. ಆಗ ಅವರಿಗೆ 32 ವರುಷ ಪ್ರಾಯ.

ಈ ಕಾದಾಟವನ್ನು ಕಂಡು ಹೇಳುವವರು ನಮ್ಮ ಕಡೆಯಲ್ಲಿ ಯಾರೂ ಇರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದವರ ಕಡೆಯ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. ಒಂದು ಮಿಸ್ಟೇರ್ ವಿಮಾನವು ಸ್ಟಾರ್‌ಫೈಟರನ್ನು ಕೆಡವಿದ ಸಂಗತಿಯು ಅದರಿಂದಲೇ ಹೊರಬಿತ್ತು. ವಿಚಾರಿಸಲಾಗಿ, ಅದು ದೇವಯ್ಯನವರ ಕೆಲಸವೆಂದು ತಿಳಿದುಬಂತು. 1988ರಲ್ಲಿ, ಅಂದರೆ ಅವರು ಸತ್ತು 23 ವರುಷಗಳಾದ ಮೇಲೆ, ಮಹಾವೀರ ಚಕ್ರವು ಅವರ ಹೆಸರಿಗೆ ಸಂದಿತು.

ಹಾಗಾದರೆ ಆ ನಡುವಣ ವರುಷಗಳಲ್ಲಿ ಅವರ ಕೃತ್ಯಕ್ಕೆ ಬೆಲೆ ಇರಲಿಲ್ಲವೋ? ಇದ್ದೇ ಇತ್ತು. ಬಿತ್ತಿದ ಜೋಳವು ಮಣ್ಣಿನೊಳಗಿರುವಾಗ ಯಾರ ಕಣ್ಣಿಗೂ ಬೀಳದು. ಆದಾಗ್ಯೂ ಅದು ಜೋಳವೇ. ಹೊಗಳಿಕೆಯು ಒಳ್ಳೇ ಕೆಲಸವನ್ನು ಒಳ್ಳೇದಾಗಿ ಮಾಡುವದಿಲ್ಲ.

ಇದನ್ನು ಕೇಳಿ ಒಬ್ಬನು, “ದೇವರು ನೋಡಿದರೆ ಸಾಲದೇ? ಮನುಷ್ಯರ ನೆನಪು ಏತಕ್ಕೆ ಬೇಕು?” ಅಂದಾನು. ಸತ್ತವನಿಗೆ ಬೇಡವಾಗಿರಬಹುದು, ಇದ್ದವರಿಗೆ ಬೇಕು. ಮನೆಯವನು ಬಾರದೆ ಹೋದಾಗ ಅವನ ಹೆಂಡತಿ ಮಕ್ಕಳು ಅವನ ಕಡೇ ಗಳಿಗೆ ಹೇಗಿತ್ತೆಂದು ತಿಳಿಯದೆ ವರುಷಗಟ್ಟಳೆ ಕಾದಿರುವದು ಸಣ್ಣ ಸಂಕಟವಲ್ಲ. ಅಂಥವರಿಗೆ ನಿಜವನ್ನು ತಿಳಿಸುವದು ನಾವು ತೀರಿಸತಕ್ಕ ಸಾಲವಾಗಿದೆ.

ಇಲ್ಲಿ ಇನ್ನೊಂದು ಮಾತುಂಟು. ಆ ಸಾಲವು ತೀರಿದ್ದು ಎದುರಾಳಿಯ ಕಡೆಯ ವೃತ್ತಾಂತದಿಂದ. ತಮ್ಮ ವಿಮಾನವು ಬಿದ್ದ ಸಂಗತಿಯನ್ನು ಅವರು ಮುಚ್ಚಿಬಿಟ್ಟಿದ್ದರೆ ದೇವಯ್ಯನವರ ಹೆಸರು ಇಂದಿಗೂ ಮರೆಯಲ್ಲಿಯೇ ಇರುತ್ತಿತ್ತು. ಆದದರಿಂದ ಆ ವೀರನನ್ನು ನೆನಸುವಾಗ ಎದುರು ದೇಶದವರ ಮೇಲೆ ಹಗೆಯನ್ನು ಬೆಳಿಸುವದು ಸಲ್ಲದು.

ಪ್ರಿಯರೇ, ವಿಜಯಪುರದ ಸೈನಿಕ ಶಾಲೆಯು 1963ರಿಂದ ನಡೆದು ಬಂದಿದೆ. ಅಲ್ಲಿಯ ಹುಡುಗರನ್ನು ಕಂಡಾಗ ದೇವಯ್ಯನವರ ನೆನಪಾಗುವದು ಸಹಜ. ಆದರೆ ಈ ಪಾಠವು ದಂಡಿನವರಿಗೆ ಮಾತ್ರವಲ್ಲ. ಹೊಲದ ಬದುವಿಗಾಗಿ ನಿಮ್ಮೊಡನೆ ಜಗಳಾಡಿ ಮಾತು ಬಿಟ್ಟವನು ಒಂದು ರಾತ್ರಿ ನಿಮ್ಮ ಎತ್ತನ್ನು ಬಾವಿಯಿಂದ ಎತ್ತಿ ಉಳಿಸಿದನೆನ್ನಿರಿ. ಅದನ್ನು ಕಂಡವರು ನೀವೊಬ್ಬರೇ. ಮರುದಿನ ಪಂಚರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವಿರೋ?