ಯಾವ ಜಾತಿ?

ಸಂಜೆ ಜೀರಿಯನ್ನು ಹಿಡಿದುಕೊಂಡು ಬೀದಿಗಿಳಿದರೆ ಒಬ್ಬರಾದರೂ ತಡೆದು ಕೇಳುತ್ತಾರೆ, 'ಯಾವ ಜಾತಿ ಇದು?' ಹುಡುಗರಾದರೆ 'ಯಾವ ಬ್ರೀಡ್ ಆಂಟಿ?' ಅನ್ನುತ್ತಾರೆ. ಕೇಳುವ ವಿಷಯ ಒಂದೇ.

ಜೀರಿ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ತೂಕ ಏಳೂವರೆ ಕಿಲೋ. ಬಾಲ ಬೆನ್ನ ಮೇಲೆ ಸುರುಳಿ ಸುತ್ತಿ ಬೀಳುತ್ತದೆ, ಅದು ತಾಯಿಯಿಂದ ಬಂದದ್ದು. ಬಲಗಿವಿ ನೆಟ್ಟಗೆ ನಿಂತಿದೆ, ಎಡಗಿವಿ ಅರ್ಧಕ್ಕೆ ಮಡಚಿಕೊಂಡಿದೆ. ಮೈಬಣ್ಣ ಹುರಿದ ಜೀರಿಗೆಯದು, ಅದಕ್ಕೇ ಅಮ್ಮ ಆ ಹೆಸರಿಟ್ಟಳು. ತಾಯಿ ಬಿಳಿ ಪಾಮೇರಿಯನ್. ನಮ್ಮ ಊರುಗಳಲ್ಲಿ ಪಾಮೇರಿಯನ್ ಅಂತ ಕರೆಸಿಕೊಳ್ಳುವ ನಾಯಿಗಳಲ್ಲಿ ಹೆಚ್ಚಿನವು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ಅದೇ. ನನ್ನ ಬಾಲ್ಯದ ಬೀದಿಯಲ್ಲಿ ಮೂರು ಮನೆಯಲ್ಲಾದರೂ ಅಂಥ ಬಿಳಿ ನಾಯಿ ಇದ್ದೀತು. ಜೀರಿಯ ತಂದೆ ಮಾತ್ರ ಬೀದಿಯದು. ಯಾವುದು ಅಂತ ಗೊತ್ತಿಲ್ಲ.

'ಕ್ರಾಸ್' ಅಂದ ತಕ್ಷಣ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಕೆಲವರು 'ಓ, ಕಂತ್ರಿನಾ?' ಅಂದುಬಿಡುತ್ತಾರೆ. ಇಂಗ್ಲಿಷಿನವರು ಊರನಾಯಿಯನ್ನು 'ಕಂಟ್ರಿ' ಅಂದದ್ದು ನಮ್ಮ ಬಾಯಲ್ಲಿ ಸವೆದು 'ಕಂತ್ರಿ' ಆಯಿತು, ಆಮೇಲೆ ಬೈಗುಳವೂ ಆಯಿತು. ಈ ನೆಲದ್ದು ಅನ್ನುವುದನ್ನೇ ಬೈಗುಳ ಮಾಡಿಕೊಂಡೆವಲ್ಲ ಅಂತ ನನಗೆ ನಿಜವಾಗಿ ಬೇಸರವಾಗುತ್ತದೆ. ಇನ್ನು 'ಜಾತಿ ನಾಯಿ' ಅನ್ನುವ ಮಾತು. ಮನುಷ್ಯರನ್ನು ಅಳೆಯಲು ಬಳಸಿ ಇಷ್ಟು ನೋವು ತಂದಿಟ್ಟ ಪದವನ್ನು ಒಂದು ಮರಿಯ ಕೊರಳಿಗೂ ಕಟ್ಟುತ್ತೇವೆ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲು ಇಂಥ ಹೊತ್ತಿನಲ್ಲಿ ನೆನಪಾಗುತ್ತದೆ. ಹತ್ತನೆಯ ಶತಮಾನದ ನಡುವಿನದು, ತಕ್ಕೋಲದ ಯುದ್ಧದ ಸುಮಾರಿನದು. ಯುದ್ಧದಲ್ಲಿ ತೋರಿದ ಪರಾಕ್ರಮ ಮೆಚ್ಚಿ ಅರಸ 'ಬೇಡು' ಅಂದಾಗ ಮಣಲೇರ ಎಂಬ ವೀರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹಂದಿಯೊಂದಿಗೇ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ, ನಾಯಿಯೂ ಹಂದಿಯೂ ಸೆಣಸುವ ಚಿತ್ರವೂ ಇದೆ. ನಾಯಿಯನ್ನು ಹೆಸರು ಹಿಡಿದು ನೆನೆದ ಕನ್ನಡ ಅದು.

ಹೆಸರೊಂದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಸಾಕ್ಷಿ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ಸಂಸ್ಥೆಯಲ್ಲಿದ್ದವರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಿತ್ತು, ಗಂಡನಿಗೆ ನಾಯಿಯ ಕೂದಲೆಂದರೆ ಅಲರ್ಜಿ. 1989ರಲ್ಲಿ ಕಾನ್ರನ್ ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿ ಮರಿ ಪಡೆದರು. ಒಂದು ಮರಿ ಹವಾಯಿಗೆ ಹೋಯಿತು. ಉಳಿದ ಮರಿಗಳನ್ನು, ನಾಯಿಗಾಗಿ ಸರದಿಯಲ್ಲಿ ಕಾದಿದ್ದವರೂ 'ಬೆರಕೆ ಬೇಡ' ಅಂದರು. 'ಲ್ಯಾಬ್ರಡೂಡಲ್' ಅಂತ ಹೆಸರಿಟ್ಟು ಪತ್ರಿಕೆಗಳಿಗೆ ಸುದ್ದಿ ಕೊಟ್ಟದ್ದೇ ತಡ, ಅದೇ ಮರಿಗಳಿಗೆ ಬೇಡಿಕೆ ಬಂತು. ಆಮೇಲೆ ಸಿಕ್ಕಸಿಕ್ಕವರೆಲ್ಲ ಸಿಕ್ಕಸಿಕ್ಕ ನಾಯಿಗಳನ್ನು ಕೂಡಿಸಿ ಹೊಸ ಹೊಸ ಹೆಸರಿನಲ್ಲಿ ಮಾರತೊಡಗಿದಾಗ, ಈ ಕೆಲಸಕ್ಕೆ ಕೈಹಾಕಬಾರದಿತ್ತು ಅಂತ ಕಾನ್ರನ್ ನೊಂದುಕೊಂಡರು. ನಮ್ಮಲ್ಲೂ 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪುಟ್ಟ ಪಗ್ ಎಷ್ಟೋ ಮನೆಗೆ ಪಗ್ ತಂದಿತು. ಚಪ್ಪಟೆ ಮೂತಿಯ ಆ ನಾಯಿಗೆ ಉಸಿರಾಟವೇ ಕಷ್ಟ, ಏಪ್ರಿಲ್ ಬಿಸಿಲಲ್ಲಿ ಅದು ಪಡುವ ಪಾಡು ನೋಡಿದವರಿಗೆ ಗೊತ್ತು.

ಬೆರಕೆ ನಾಯಿಯ ವಿಷಯದಲ್ಲಿ ಒಂದು ಸತ್ಯ ಮೊದಲೇ ಒಪ್ಪಿಕೊಳ್ಳಬೇಕು. ಅದರ ಬಗ್ಗೆ ಪುಸ್ತಕದಲ್ಲಿ ಏನೂ ಬರೆದಿರುವುದಿಲ್ಲ. ಇಷ್ಟು ಎತ್ತರ ಬೆಳೆಯುತ್ತದೆ, ಇಂಥ ಸ್ವಭಾವ, ಇಂಥ ಕಾಯಿಲೆ ಬರಬಹುದು ಅಂತ ಯಾರೂ ಮುಂಗಡವಾಗಿ ಹೇಳಲಾರರು. ಹಾಗಾಗಿ ಎದುರಿಗಿರುವ ಮರಿಯನ್ನೇ ಕಣ್ಣಿಟ್ಟು ನೋಡಬೇಕು. ತರುವ ದಿನವೂ ನೋಡಬೇಕು, ತಂದ ಮೇಲೆ ದಿನಾಲೂ ನೋಡಬೇಕು. ಆರು ವರ್ಷದಲ್ಲಿ ನಾನು ಕಲಿತದ್ದು ಹೆಚ್ಚೂಕಮ್ಮಿ ಇಷ್ಟೇ.

ನಮ್ಮದು ಮೈಸೂರಿನಲ್ಲಿ ಒಂದನೇ ಮಹಡಿಯ ಮನೆ. ಅಮ್ಮನಿಗೆ ಆಗ ಅರವತ್ತೆಂಟು. ದೊಡ್ಡ ನಾಯಿ ಹಗ್ಗ ಎಳೆದರೆ ಅವಳು ಬೀಳುತ್ತಾಳೆ, ಆದ್ದರಿಂದ ಸಣ್ಣದೇ ಆಗಬೇಕಿತ್ತು. ಪರಿಚಯದವರ ಮನೆಯಲ್ಲಿ ನಾಲ್ಕು ಮರಿ ಹುಟ್ಟಿದ್ದವು. ಗಂಡು ಮರಿ ಎರಡಕ್ಕೂ ಆಗಲೇ ಮನೆ ಗೊತ್ತಾಗಿತ್ತು. ಹೆಣ್ಣೆರಡು ಉಳಿದಿದ್ದವು. ಹೆಣ್ಣು ಮರಿ ಯಾರಿಗೂ ಬೇಡ, ಮುಂದೆ ಮರಿ ಹಾಕುತ್ತದೆ ಅನ್ನುವ ಭಯ. ಬೀದಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಮರಿಗಳನ್ನು ಕಂಡರೆ ಎತ್ತಿ ನೋಡಿ, ಬಹಳ ಸಲ ಹೆಣ್ಣೇ ಇರುತ್ತವೆ.

ನಾವು ಮೊದಲು ನೋಡಿದ್ದು ತಾಯಿಯನ್ನು. ಹೊಸಬರು ಬಂದಾಗ ಎರಡು ಸಲ ಬೊಗಳಿ, ಮನೆಯವರು ಸುಮ್ಮನಿರು ಅಂದ ಮೇಲೆ ಅಮ್ಮನ ಸೀರೆ ಅಂಚು ಮೂಸಿ ಮಲಗಿತು. ತಾಯಿಗೆ ಸಮಾಧಾನವಿದ್ದರೆ ಅರ್ಧ ನಿರಾಳ. ಆಮೇಲೆ ಬೀಗದ ಕೈಗೊಂಚಲನ್ನು ಸ್ವಲ್ಪ ದೂರದಲ್ಲಿ ನೆಲಕ್ಕೆ ಹಾಕಿದೆ. ಒಂದು ಮರಿ ಹೆದರಿ ಮಂಚದ ಕೆಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಇನ್ನೊಂದು ಬೆಚ್ಚಿ ಹಿಂದೆ ಸರಿಯಿತು, ನಿಂತಿತು, ಕತ್ತು ಚಾಚಿ ಗೊಂಚಲಿನ ಹತ್ತಿರ ಬಂದು ಮೂಸಿತು. ಬೆಚ್ಚುವುದು ತಪ್ಪಲ್ಲ, ಬೆಚ್ಚಿದ ಮೇಲೆ ತಿರುಗಿ ಬರುತ್ತದೆಯೇ ಅನ್ನುವುದೇ ಮುಖ್ಯ. ಗದ್ದಲದ ಬೀದಿಯ ಮೇಲಿನ ನಮ್ಮ ಮನೆಗೆ ಅಂಥ ಮರಿಯೇ ಬೇಕಿತ್ತು. ಮಂಚದ ಕೆಳಗೆ ಸೇರಿದ ಮರಿ ಮಕ್ಕಳಿಲ್ಲದ ಒಂದು ಶಾಂತವಾದ ತೋಟದ ಮನೆಗೆ ಹೋಯಿತು. ಅದೂ ಸರಿಯಾಗಿಯೇ ಸೇರಬೇಕಾದಲ್ಲಿ ಸೇರಿತು.

'ನಲವತ್ತು ದಿನ ಆಯ್ತಲ್ಲ, ಇವತ್ತೇ ತಗೊಂಡು ಹೋಗಿ' ಅಂದರು. ನಾವು ಕಾದೆವು. ಎಂಟು ವಾರದೊಳಗಿನ ಮರಿ ಮಾರಬಾರದು ಅಂತ ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮ ಹೇಳುತ್ತದೆ. ಬಿಟ್ಟಿ ಕೊಡುವ ಮರಿಗೂ ಅದೇ ಲೆಕ್ಕ ಒಳ್ಳೆಯದು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜತೆ ಆಡುವಾಗ. ಬೇಗ ಬಿಡಿಸಿ ತಂದರೆ ಆ ಪಾಠವನ್ನು ನಮ್ಮ ಕೈಬೆರಳುಗಳೇ ಕಲಿಸಬೇಕಾಗುತ್ತದೆ.

ಎಷ್ಟು ದೊಡ್ಡದಾಗುತ್ತದೆ ಅನ್ನುವ ಪ್ರಶ್ನೆ ಉಳಿದಿತ್ತು. ನಾಲ್ಕು ತಿಂಗಳ ತೂಕದ ಸುಮಾರು ಎರಡರಷ್ಟು ಅಂತ ಪಶುವೈದ್ಯರು ಲೆಕ್ಕ ಹೇಳಿದರು, ಆದರೆ ತಂದೆ ಗೊತ್ತಿಲ್ಲದ ಮೇಲೆ ಲೆಕ್ಕ ತಪ್ಪಬಹುದು ಅಂತಲೂ ಅಂದರು. ಹದಿನೈದು ಕಿಲೋ ಆದರೂ ಇರಲಿ ಅನ್ನುವ ಮನಸ್ಸು ಮಾಡಿಕೊಂಡೇ ತಂದೆವು. ಅಷ್ಟು ಮನಸ್ಸಿಲ್ಲದವರು ಬೆರಕೆ ಮರಿ ತರುವ ಬದಲು ಬೆಳೆದ ನಾಯಿಯನ್ನೇ ಆಶ್ರಯಧಾಮದಿಂದ ತರುವುದು ಮೇಲು. ಅದರ ಗಾತ್ರ, ಗುಣ ಎರಡೂ ಕಣ್ಣೆದುರಿಗೇ ಇರುತ್ತವೆ.

ಲಸಿಕೆಯ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಚರ್ಚೆಯೇ ಇಲ್ಲ. ಆರೆಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರು, ಮೂರು ತಿಂಗಳಿಗೆ ರೇಬಿಸ್, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಬೂಸ್ಟರ್. ಪಾರ್ವೋ ಬಂದ ಮರಿ ರಕ್ತಭೇದಿಯಲ್ಲಿ ಎರಡೇ ದಿನಕ್ಕೆ ಹೋಗಿಬಿಡಬಹುದು. ಜೀರಿಗೆ ಮರಿಯಾಗದಂತೆ ಆಪರೇಷನ್ನೂ ಮಾಡಿಸಿದೆವು. ಅರವತ್ತಮೂರು ದಿನ ಬಸಿರಿದ್ದು ಹೆತ್ತ ಮರಿಗಳಲ್ಲಿ ಹೆಣ್ಣನ್ನು ಯಾರೂ ಕೇಳುವುದಿಲ್ಲ ಅನ್ನುವುದನ್ನು ಕಂಡಿದ್ದೆವಲ್ಲ. ಗರ್ಭಕೋಶದಲ್ಲಿ ಕೀವಾಗುವ ಅಪಾಯವೂ ಅದರಿಂದ ತಪ್ಪಿತು.

ಊಟದ ಕಥೆ ಮಾತ್ರ ವಿವರವಾಗಿ ಹೇಳಬೇಕು. ನಮ್ಮ ಮನೆಗಳಲ್ಲಿ ನಾಯಿಗೆ ಅನ್ನ ಸಾರು ಕಲಸಿ ಹಾಕುವುದು ಅಜ್ಜಿಯರ ಕಾಲದ ರೂಢಿ. ಪ್ರೀತಿಯಿಂದಲೇ ಹಾಕುತ್ತಿದ್ದರು. ಆದರೆ ಸಾರಿನಲ್ಲಿ ಈರುಳ್ಳಿ ಇರುತ್ತದೆ, ಬೆಳ್ಳುಳ್ಳಿ ಇರುತ್ತದೆ. ಅವೆರಡೂ ನಾಯಿಯ ರಕ್ತದ ಕೆಂಪುಕಣ ಒಡೆಯುತ್ತವೆ. ಮೂರು ವರ್ಷದ ಹಿಂದಿನ ಗೌರಿಹಬ್ಬದ ದಿನ ಅಮ್ಮ ಶಾವಿಗೆ ಪಾಯಸ ಮಾಡಿದ್ದಳು. ಲೋಟದ ತಳದಲ್ಲಿ ಉಳಿದದ್ದನ್ನು ಜೀರಿಯ ತಟ್ಟೆಗೆ ಸುರಿದಳು. ಅದರಲ್ಲಿ ಏಳೆಂಟು ಒಣದ್ರಾಕ್ಷಿ. ನಾನು ಒಳಗಿಂದ ಬರುವ ಹೊತ್ತಿಗೆ ತಟ್ಟೆ ನೆಕ್ಕಿಯಾಗಿತ್ತು. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ ಅಂತ ಎಲ್ಲೋ ಓದಿದ್ದು ನೆನಪಾಗಿ, ಆಟೋ ಹಿಡಿದು ಓಡಿದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಶಾವಿಗೆಯ ನಡುವೆ ಉಬ್ಬಿದ ದ್ರಾಕ್ಷಿಗಳನ್ನು ಕಡ್ಡಿಯಲ್ಲಿ ಸರಿಸಿ ಎಣಿಸಿದರು, 'ಆರು ಬಂತು.' ತಿಂದು ಇನ್ನೂ ಒಂದು ಗಂಟೆಯಾಗಿಲ್ಲದ್ದರಿಂದ ಇಷ್ಟು ಸುಲಭವಾಯಿತು ಅಂದರು. ಡ್ರಿಪ್ ಹಾಕಿ, ಎರಡು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿದರು. ಏನೂ ಆಗಿರಲಿಲ್ಲ.

ದ್ರಾಕ್ಷಿಯಲ್ಲಿ ನಾಯಿಗೆ ವಿಷವಾಗುವುದು ಟಾರ್ಟಾರಿಕ್ ಆಮ್ಲ ಇರಬೇಕು ಅನ್ನುವ ಅನುಮಾನ ಈಚಿನ ವರ್ಷಗಳಲ್ಲಿ ಬಲವಾಗಿದೆ. ಅದೇ ಆಮ್ಲ ತುಂಬಿರುವುದು ನಮ್ಮ ಹುಣಸೆಹಣ್ಣಿನಲ್ಲಿ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವಿಷಯವನ್ನು ಪಶುವೈದ್ಯರು ದಾಖಲಿಸಿದ್ದಾರೆ. ಹುಳಿ, ಗೊಜ್ಜು, ಪುಳಿಯೋಗರೆಯ ಮನೆ ನಮ್ಮದು. ಮೂವತ್ತು ಕಿಲೋ ನಾಯಿಗೆ ತಡೆದೀತು ಅನ್ನುವಷ್ಟು ಏಳೂವರೆ ಕಿಲೋ ಜೀವಕ್ಕೆ ತಡೆಯುವುದಿಲ್ಲ. ಸಣ್ಣ ನಾಯಿ ಅಂದರೆ ಸಣ್ಣ ಜವಾಬ್ದಾರಿ ಅಂತ ತಿಳಿಯುವವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು ಅನ್ನಿಸುತ್ತದೆ. ಆ ದಿನ ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. 'ಹಬ್ಬದ ದಿನ ಅದಕ್ಕೂ ಬಾಯಿ ಸಿಹಿ ಆಗಲಿ ಅಂತ ಕೊಟ್ಟೆ ಕಣೇ' ಅಂದಳು. ಈಗ ಹಬ್ಬದ ದಿನ ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳ ಜೀರಿಗೆ ಬೇರೆಯೇ ಇರುತ್ತದೆ. ಉಳಿದ ದಿನ ಅನ್ನದ ಜತೆ ಬೆಂದ ಮೊಟ್ಟೆ ಅಥವಾ ಎಲುಬಿಲ್ಲದ ಕೋಳಿ, ಕ್ಯಾರೆಟ್, ಒಂದು ಹೊತ್ತು ಅಂಗಡಿಯ ಒಣ ಆಹಾರ.

ಎರಡನೇ ವರ್ಷದಲ್ಲಿ ಇನ್ನೊಂದು ಕಂಡಿತು. ಓಡುತ್ತಾ ಓಡುತ್ತಾ ಹಿಂದಿನ ಬಲಗಾಲು ಮೇಲೆತ್ತಿ ಮೂರು ಹೆಜ್ಜೆ ಕುಂಟಾಡಿ, ಏನೂ ಆಗಿಲ್ಲದಂತೆ ಮತ್ತೆ ಊರುತ್ತಿತ್ತು. ಆಟ ಅಂದುಕೊಂಡಿದ್ದೆವು. ಮಂಡಿಚಿಪ್ಪು ಜಾಗ ಬಿಟ್ಟು ಜಾರಿ ವಾಪಸ್ ಬರುತ್ತಿದೆ, ಸಣ್ಣ ನಾಯಿಗಳಲ್ಲಿ ಇದು ಹೆಚ್ಚು ಅಂತ ಡಾಕ್ಟರು ಬೆರಳಿಟ್ಟು ತೋರಿಸಿದರು. ಬೆರಕೆ ನಾಯಿಗೆ ಕಾಯಿಲೆಯೇ ಬರುವುದಿಲ್ಲ ಅನ್ನುವವರಿದ್ದಾರೆ. ಅದು ನಿಜವಲ್ಲ. ತಾಯಿಯ ಕಡೆಯ ಮಂಡಿ ಇದಕ್ಕೂ ಬಂದಿರಬಹುದು. ಆಪರೇಷನ್ ಬೇಡ, ತೂಕ ಏರದಂತೆ ನೋಡಿಕೊಳ್ಳಿ ಅಂದರು. ಜಾರುವ ಗ್ರಾನೈಟ್ ನೆಲಕ್ಕೆ ಹಳೆಯ ಜಮಖಾನ ಹಾಸಿದೆವು. ಅಮ್ಮ ಬೆಳಗ್ಗೆ ಕದ್ದು ಕೊಡುತ್ತಿದ್ದ ಇಡ್ಲಿ ನಿಂತಿತು.

ತರುವ ಮುಂಚೆ ಅಮ್ಮ ಒಂದೇ ಪ್ರಶ್ನೆ ಕೇಳಿದ್ದಳು, 'ಇಂಥ ನಾಯಿ ಎಷ್ಟು ವರ್ಷ ಬದುಕುತ್ತೆ?' ಸಣ್ಣವು ಹನ್ನೆರಡರಿಂದ ಹದಿನೈದು ವರ್ಷ ಅಂದೆ. ಅವಳು ಬೆರಳು ಮಡಚಿ ಕೂಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಕೈಲಿ ಆಗದಿದ್ದಾಗ ನೀನು ನೋಡ್ಕೋತೀಯಾ ಅಂತ ಈಗಲೇ ಹೇಳು, ಆಮೇಲೆ ತರೋಣ' ಅಂದಳು. ನಾನು ಹೂಂ ಅಂದೆ. ಆ ಹೂಂ ಅನ್ನುವ ಮುಂಚೆ ನನ್ನ ಕೆಲಸ, ಊರೂರು ತಿರುಗುವ ಅಭ್ಯಾಸ, ಬೇರೆ ಬಾಡಿಗೆ ಮನೆ ಹುಡುಕುವ ಸಂದರ್ಭ ಬಂದರೆ ಏನು ಎಲ್ಲವನ್ನೂ ಯೋಚಿಸಿದ್ದೆ. ಅದನ್ನು ಯೋಚಿಸದೆ ಮರಿ ತರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಉಣ್ಣಿ ಹುಡುಕುವ ಹೊತ್ತು. ಉಣ್ಣಿಯಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಎರವಾಗುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಕೂರುತ್ತಾಳೆ, ಜೀರಿ ತಾನೇ ಬಂದು ಮಗ್ಗುಲಾಗುತ್ತದೆ. ಕಿವಿಯ ಮಡಿಕೆ, ಕತ್ತಿನ ಸುತ್ತ, ಆಮೇಲೆ ಬೆರಳ ಸಂದು. ಬಂದ ವರ್ಷ ಹೀಗೆ ಹುಡುಕುವಾಗಲೇ ಅಮ್ಮ 'ನೋಡೇ ಇಲ್ಲಿ' ಅಂದಿದ್ದಳು. ಹಿಂಗಾಲಿನ ಒಳಮಗ್ಗುಲಲ್ಲಿ, ಕೂದಲಿನೊಳಗೆ ಮುಚ್ಚಿಹೋಗಿ, ಹೆಚ್ಚಿನದೊಂದು ಬೆರಳು. ಅದರ ತಾಯಿಗೆ ಇದಿರಲಿಲ್ಲ, ಫೋನು ಮಾಡಿ ಕೇಳಿದೆವು. ನೆಲಕ್ಕೆ ತಾಗದ ಬೆರಳಾದ್ದರಿಂದ ಉಗುರು ಸವೆಯುವುದಿಲ್ಲ, ಬಿಟ್ಟರೆ ಬಾಗಿ ಮಾಂಸಕ್ಕೇ ಚುಚ್ಚುತ್ತದೆ. ಮೂರು ವಾರಕ್ಕೊಮ್ಮೆ ಕತ್ತರಿಸಬೇಕು. ನಿನ್ನೆ ಆ ದಿನವಿತ್ತು. ಅಮ್ಮನಿಗೆ ಈಗ ಎಪ್ಪತ್ತನಾಲ್ಕು, ಕೈ ಸ್ವಲ್ಪ ನಡುಗುತ್ತದೆ, ಹಾಗಾಗಿ ಕತ್ತರಿ ನನ್ನ ಕೈಗೆ ಬಂದಿದೆ. ಕಾಲನ್ನು ಮಾತ್ರ ಅವಳೇ ಹಿಡಿಯುತ್ತಾಳೆ. ಹೆಬ್ಬೆರಳಿನಿಂದ ಕೂದಲು ಸರಿಸಿ, ಉಗುರನ್ನು ಬೆಳಕಿಗೆ ತಿರುಗಿಸಿ, ಒಳಗಿನ ಕೆಂಪು ರಕ್ತನಾಳ ಎಲ್ಲಿಗೆ ಮುಗಿಯುತ್ತದೆ ಅಂತ ತೋರಿಸಿ, 'ಇಲ್ಲಿವರೆಗೆ, ಇದಕ್ಕಿಂತ ಒಳಗೆ ಹೋಗಬೇಡ' ಅಂದಳು.