ತಂಪಿನ ಪರಿಮಾಣ

ವೈಶಾಖದ ದಿನಗಳಲ್ಲಿ ಉಚ್ಚಿಲದ ಸೆಖೆ ಸೂರ್ಯನೊಡನೆ ಮುಳುಗುವುದಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಗಲೆಲ್ಲ ಕಾದ 66ನೆಯ ರಾಷ್ಟ್ರೀಯ ಹೆದ್ದಾರಿ. ನಡುವಣ ಮನೆಗಳಲ್ಲಿ ಮೈಯ ಬೆವರು ಆರುವುದೇ ಇಲ್ಲ. ಹೆಂಚಿನ ಮಾಡು, ತೆರೆದ ಜಗಲಿ, ತೆಂಗಿನ ನೆರಳು ಇವುಗಳಿದ್ದ ಕಾಲದ ಮನೆ ಬೇರೆ; ಕಾಂಕ್ರೀಟಿನ ತಾರಸಿಯ ಕೆಳಗೆ ರಾತ್ರಿ ಕಳೆಯಬೇಕಾದ ಇಂದಿನ ಮನೆ ಬೇರೆ. ಅಲ್ಲಿಗೆ ಹವಾನಿಯಂತ್ರಕ ಬಂದಿದ್ದರೆ ಅದನ್ನು ವಿಲಾಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಸೆಖೆಯೂ ಪ್ರಾಣಹಾರಿಯೇ. ವಿಚಾರಿಸಬೇಕಾದುದು ಯಂತ್ರ ಇರಬೇಕೆ ಎಂಬುದನ್ನಲ್ಲ, ಅದರ ಅಂಕೆ ಎಲ್ಲಿ ನಿಲ್ಲಬೇಕು ಎಂಬುದನ್ನು.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕೊಲ್ಲಿ ದೇಶದಿಂದ ರಜೆಯ ಮೇಲೆ ಬಂದ ಮಗ ತಾನೇ ಹಣ ಕೊಟ್ಟು ಯಂತ್ರವನ್ನು ಕೂಡಿಸಿದ್ದಾನೆ. ಮನೆಯಲ್ಲಿ ತಂಪಾಗುವ ಕೋಣೆ ಅದೊಂದೇ ಆದುದರಿಂದ ಎಪ್ಪತ್ತೈದು ದಾಟಿದ ತಾಯಿಯೂ ಎರಡು ತಿಂಗಳ ಮಗುವೂ ಅಲ್ಲಿಯೇ ಮಲಗುತ್ತಾರೆ. ಅಂಕೆ 18ರಲ್ಲಿದೆ. ನಡುರಾತ್ರಿ ತಾಯಿ ಶಾಲನ್ನು ಕಿವಿಯವರೆಗೆ ಎಳೆದುಕೊಳ್ಳುವುದನ್ನು ಕಂಡು ಮಗ ಕೇಳಿದರೆ, ‘ನನಗೆ ಚಳಿ ಇಲ್ಲ ಮಗಾ, ನೀನು ಮಲಗು’ ಎನ್ನುತ್ತಾಳೆ. ಆ ಮಾತು ಸುಳ್ಳು; ವಾತ್ಸಲ್ಯದಿಂದ ಹುಟ್ಟಿದ ಸುಳ್ಳು. ಮಗುವಿಗಾದರೋ ಅಷ್ಟನ್ನು ಹೇಳಲೂ ಬಾರದು.

ದೇಹಶಾಸ್ತ್ರ ಇಲ್ಲಿ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಸತಿ ಮಾರ್ಗಸೂಚಿ, ಚಳಿಗಾಲದ ದೇಶಗಳಲ್ಲಿ ಸಾಮಾನ್ಯ ಜನರ ಮನೆಯೊಳಗೆ 18 ಡಿಗ್ರಿಗಿಂತ ಕೆಳಗೆ ಇಳಿಯಬಾರದೆಂದು ಹೇಳಿ, ವೃದ್ಧರಿಗೂ ಮಕ್ಕಳಿಗೂ ದೀರ್ಘರೋಗಿಗಳಿಗೂ ಇದಕ್ಕಿಂತ ಹೆಚ್ಚಿನ ಮಟ್ಟ ಬೇಕಾಗಬಹುದೆಂದು ಸೇರಿಸಿತು. ಹೆರಿಗೆಯ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದೆಂಬುದೂ ಅದರದೇ ಸಲಹೆ. ಎಳೆಯ ಶಿಶುವಿಗೆ ನಡುಗಿ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇಲ್ಲ. ಹಿಮದ ನಾಡಿನವರು ಬೆಂಕಿ ಹಾಕಿ ತಲುಪಲು ಯತ್ನಿಸುವ ಕನಿಷ್ಠ ಮಿತಿಯನ್ನು ಕರಾವಳಿಯ ಮನೆ ವಿದ್ಯುತ್ತಿನ ಹಣ ತೆತ್ತು ತಲುಪುತ್ತಿದೆ ಎಂಬುದು ವಿಚಿತ್ರವಾದರೂ ನಿಜ.

ಬೇಗ ತಂಪಾಗಲೆಂದು 16ಕ್ಕೆ ಇಳಿಸುವವರೂ ಉಂಟು. ಆ ಅಂಕೆ ಯಂತ್ರ ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟು ವೇಗವಾಗಿ ಓಡಬೇಕೆಂಬುದನ್ನಲ್ಲ. ಹಳೆಯ ಮಾದರಿಯ ಯಂತ್ರ 16ಕ್ಕೂ 25ಕ್ಕೂ ಒಂದೇ ವೇಗದಲ್ಲಿ ದುಡಿಯುತ್ತದೆ. ಕರಾವಳಿಯವರನ್ನು ಬಾಧಿಸುವುದು ಶಾಖಕ್ಕಿಂತ ಗಾಳಿಯ ತೇವ. ತೇವ ತಗ್ಗಿ ಫ್ಯಾನು ಮೆಲ್ಲನೆ ತಿರುಗುತ್ತಿದ್ದರೆ 26 ಡಿಗ್ರಿಯೇ ಹಿತವಾಗಿರುತ್ತದೆ. ಕೋಣೆಯನ್ನು ಅತಿಯಾಗಿ ತಣಿಸಿದರೆ ಹೊರಗಿನ ತೇವದ ಗಾಳಿ ತಣ್ಣನೆಯ ಗಾಜಿಗೂ ಗೋಡೆಗೂ ತಗಲಿ ನೀರಾಗುತ್ತದೆ. ಬೂಷ್ಟು ಹಿಡಿಯುವುದು ಹೀಗೆ.

ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ ಕೊಟ್ಟಿದೆ. ಅಂದರೆ 18ರಿಂದ 24ಕ್ಕೆ ಬಂದವನು ಹತ್ತಿರ ಹತ್ತಿರ ಮೂರರಲ್ಲೊಂದು ಪಾಲನ್ನು ಉಳಿಸುತ್ತಾನೆ. 2020ರ ಜನವರಿಯಿಂದ ನಕ್ಷತ್ರ ಚೀಟಿಯ ಯಂತ್ರಗಳು 24ರಲ್ಲಿಯೇ ಆರಂಭವಾಗಬೇಕೆಂಬ ನಿಯಮ ಬಂದಿತು. 2025ರ ಜೂನ್‌ನಲ್ಲಿ 20ಕ್ಕಿಂತ ಕೆಳಗೆ ಇಳಿಸಲಾಗದಂತೆ ಮಾಡುವ ಯೋಜನೆಯನ್ನೂ ಕೇಂದ್ರ ಸರ್ಕಾರ ಪ್ರಕಟಿಸಿತು. ಉಚ್ಚಿಲದವರಿಗೆ ವಿದ್ಯುತ್ತು ಎಲ್ಲಿಂದಲೋ ಬರುವ ವಸ್ತುವಲ್ಲ. ಸಮೀಪದ ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳು ಹಡಗಿನಲ್ಲಿ ಬಂದ ವಿದೇಶೀ ಕಲ್ಲಿದ್ದಲನ್ನು ಉರಿಸುವಂತೆ ಕಟ್ಟಲ್ಪಟ್ಟಿವೆ. ಬೂದಿಯ, ಉಪ್ಪುನೀರಿನ ಬಗೆಗೆ ಸುತ್ತಲಿನವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ತಂತಿಯಲ್ಲಿ ಬರುವ ವಿದ್ಯುತ್ತು ಯಾವ ಕುಲುಮೆಯದೆಂದು ಬೇರ್ಪಡಿಸಲಾಗದು, ನಿಜ. ಆದರೆ ಒಬ್ಬರ ತಂಪು ಇನ್ನೊಬ್ಬರ ಬಾವಿಯ ಪ್ರಶ್ನೆಯಾಗಬಲ್ಲದೆಂಬುದನ್ನು ತಿಳಿಯಲು ಈ ಊರಿನವರು ದೂರ ಹೋಗಬೇಕಿಲ್ಲ.

ಶ್ರಾವಕನಿಗೆ ವಿಹಿತವಾದ ಭೋಗೋಪಭೋಗ ಪರಿಮಾಣ ವ್ರತ ಇಂಥ ಸಂದರ್ಭಕ್ಕೆ ತಕ್ಕುದಾಗಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮರಳಿ ಮರಳಿ ಬಳಸುವುದು ಉಪಭೋಗ. ಯಂತ್ರ ಉಪಭೋಗವಾದರೆ ಅದರ ಗಾಳಿ ಭೋಗ. ಕೊಳ್ಳುವಾಗ ಒಮ್ಮೆ ಯೋಚಿಸಿದರೆ ಸಾಲದು, ಪ್ರತಿ ರಾತ್ರಿಯೂ ಯೋಚಿಸಬೇಕಾಗುತ್ತದೆ. ಜೀವಾವಧಿಯ ಯಮವಲ್ಲದೆ ಇಂತಿಷ್ಟು ಕಾಲದ ನಿಯಮವನ್ನೂ ಶಾಸ್ತ್ರ ಒಪ್ಪಿರುವುದರಿಂದ, ಈ ಬೇಸಗೆ ಮುಗಿಯುವವರೆಗೆ 26ಕ್ಕೆ ಇಳಿಯದೆ ಇರುತ್ತೇನೆ ಎಂಬ ಸಣ್ಣ ಸಂಕಲ್ಪಕ್ಕೂ ಅಲ್ಲಿ ಸ್ಥಾನವಿದೆ.

ಆದರೆ ಇಲ್ಲೊಂದು ತೊಡಕಿದೆ, ಅದನ್ನು ಮರೆಮಾಚಬಾರದು. ವ್ರತ ತೊಟ್ಟವನ ಮೈಗೆ ಮಾತ್ರ ಸಲ್ಲುತ್ತದೆ. ಉಷ್ಣ ಪರೀಷಹವನ್ನು ಸಹಿಸುವ ಮುನಿ ತನ್ನ ದೇಹವನ್ನೇ ಒಡ್ಡುತ್ತಾನೆ, ಮೊಮ್ಮಗುವಿನದನ್ನಲ್ಲ. ಸಂಯಮದ ಹೆಸರಿನಲ್ಲಿ ಯಂತ್ರವನ್ನೇ ಆರಿಸಿ ಹೃದ್ರೋಗಿಯನ್ನು ಬೆವರಿನಲ್ಲಿ ಮಲಗಿಸುವ ಯಜಮಾನನೂ 18ಕ್ಕೆ ಇಳಿಸುವ ಮಗನೂ ಮಾಡುವ ತಪ್ಪು ಒಂದೇ: ಹಂಚಿಕೊಂಡ ಕೋಣೆಯನ್ನು ತನ್ನ ದೇಹದಿಂದ ಅಳೆಯುವುದು. ಅಂಥ ಕೋಣೆಯಲ್ಲಿ ಅಂಕೆಯನ್ನು ನಿರ್ಣಯಿಸಬೇಕಾದುದು ಅಲ್ಲಿರುವ ಅತ್ಯಂತ ದುರ್ಬಲ ದೇಹ. ಮಗುವಿನ ಎದೆಯನ್ನೂ ಬೆನ್ನನ್ನೂ ಮುಟ್ಟಿ ನೋಡಬೇಕು. ಗಾಳಿ ನೇರವಾಗಿ ಅದರ ಮೇಲೆ ಬೀಳದಂತೆ ತಿರುಗಿಸಬೇಕು. ತಾಯಿಯನ್ನು ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಅವಳ ಕಾಲ ಬೆರಳನ್ನು ಮುಟ್ಟುವುದು ಲೇಸು.

ಗೋಡೆಯ ಹೊರಗಿನ ಪೆಟ್ಟಿಗೆಯನ್ನೂ ಒಮ್ಮೆ ಹೋಗಿ ನೋಡಬೇಕು. ಕೋಣೆಯಿಂದ ತೆಗೆದ ಬಿಸಿಯೆಲ್ಲ ಅಲ್ಲಿಂದಲೇ ಹೊರಬೀಳುತ್ತದೆ. ಎದುರಿಗೆ ಮೂರು ಮೊಳ ದೂರದಲ್ಲಿ ನೆರೆಮನೆಯ ಕಿಟಕಿ, ಅದರ ಒಳಗೆ ಫ್ಯಾನು ಮಾತ್ರ ಇರುವ ಕೋಣೆ.